ಓವರ್‌ಕ್ಲಾಕಿಂಗ್: ಆ ಪುಕ್ಕಟೆ ವೇಗ ಎಲ್ಲಿಗೆ ಹೋಯಿತು?

ಪರದೇಶದಲ್ಲಿ ದುಡಿಯುವ ನಮಗೆ ಓವರ್‌ಟೈಮ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಕರಾರಿನಲ್ಲಿ ಬರೆದದ್ದು ಎಂಟು ಗಂಟೆ. ಮೈಯಲ್ಲಿ ಕಸುವಿದ್ದರೆ ಇನ್ನೆರಡು ಗಂಟೆ. ಕಂಪ್ಯೂಟರಿನ ಪ್ರೊಸೆಸರ್‌ಗೂ ಇಂಥದೇ ಒಂದು ಓವರ್‌ಟೈಮ್ ಇದೆ. ಡಬ್ಬದ ಮೇಲೆ ಬರೆದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಅದನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಒಂದು ಕಾಲದಲ್ಲಿ ಇದು ಕಡಿಮೆ ಕಾಸಿನವನ ಕೈಗೆ ದುಬಾರಿ ಕಂಪ್ಯೂಟರಿನ ವೇಗ ಕೊಡುತ್ತಿದ್ದ ವಿದ್ಯೆ. ಇವತ್ತು ಅದೇ ಹೆಸರು ಹೇಳಿ ದುಬಾರಿ ಮದರ್‌ಬೋರ್ಡ್ ಮಾರುತ್ತಾರೆ. ಮಕ್ಕಳಿಗೊಂದು ಕಂಪ್ಯೂಟರ್ ಕೊಡಿಸಲು ತಿಂಗಳುಗಟ್ಟಲೆ ಉಳಿಸುವ ನಾವು ಈ ಬದಲಾವಣೆ ಹೇಗಾಯಿತು ಅಂತ ತಿಳಿದಿರುವುದು ಒಳ್ಳೆಯದು.

ಹರಳು ಬದಲಿಸಿದ ಕಾಲ

ಪ್ರೊಸೆಸರ್ ಒಂದು ತಾಳಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಆ ತಾಳ ಹಾಕುವುದು ಬೋರ್ಡಿನ ಮೇಲಿರುವ ಒಂದು ಸಣ್ಣ ಸ್ಫಟಿಕದ ಹರಳು. 1984ರಲ್ಲಿ ಐಬಿಎಂ ಕಂಪನಿಯ 'ಪಿಸಿ ಎಟಿ' ಬಂದಾಗ ಅದರ ವೇಗ 6 ಮೆಗಾಹರ್ಟ್ಸ್. ಹರಳು ಬದಲಿಸಿದರೆ ಅದೇ ಯಂತ್ರ 8 ಮೆಗಾಹರ್ಟ್ಸ್‌ನಲ್ಲೂ ಓಡುತ್ತದೆ ಅಂತ ಬಳಕೆದಾರರು ಬೇಗನೆ ಕಂಡುಕೊಂಡರು. ಆಮೇಲೆ ಐಬಿಎಂ ಹೆಚ್ಚಿನ ವೇಗ ಕಂಡರೆ ಯಂತ್ರ ಶುರುವಾಗದ ಹಾಗೆ ಬಯೋಸ್‌ನಲ್ಲೇ ತಡೆ ಹಾಕಿತು. ಗಿರಾಕಿ ಒಂದು ಬಾಗಿಲು ತೆರೆಯುವುದು, ಕಂಪನಿ ಅದನ್ನು ಮುಚ್ಚುವುದು: ಮುಂದಿನ ಚರಿತ್ರೆಯೆಲ್ಲ ಇದೇ ಹಗ್ಗಜಗ್ಗಾಟ.

ಹೆಚ್ಚುವರಿ ವೇಗ ಬರುವುದಾದರೂ ಎಲ್ಲಿಂದ? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೆಲ್ಲ ಒಂದೇ ತರಹ ಇರುವುದಿಲ್ಲ. ಕೆಲವು ಗಟ್ಟಿ, ಕೆಲವು ಸಾಧಾರಣ. ಕಂಪನಿ ಅವನ್ನು ಪರೀಕ್ಷಿಸಿ, ಎಲ್ಲರ ಮನೆಯಲ್ಲೂ ತೊಂದರೆಯಿಲ್ಲದೆ ನಡೆಯುವ ವೇಗವನ್ನು ಮೇಲೆ ಬರೆಯುತ್ತದೆ. ಅಗ್ಗದ ಚಿಪ್‌ಗೆ ಬೇಡಿಕೆ ಹೆಚ್ಚಿದ್ದರೆ ಗಟ್ಟಿ ಚಿಪ್‌ಗೂ ಅಗ್ಗದ ಹೆಸರೇ ಬೀಳುತ್ತದೆ. ಬರೆದ ವೇಗಕ್ಕೂ ನಿಜವಾದ ತಾಕತ್ತಿಗೂ ನಡುವಿನ ಈ ಅಂತರವೇ ಓವರ್‌ಕ್ಲಾಕಿಂಗ್ ಮಾಡುವವನ ಗಳಿಕೆ.

ಬಡವರ ಬಂಗಾರದ ವರ್ಷಗಳು

1998ರ ಆಗಸ್ಟ್‌ನಲ್ಲಿ ಇಂಟೆಲ್ ಎರಡು ಪ್ರೊಸೆಸರ್ ಬಿಟ್ಟಿತು. ಪೆಂಟಿಯಂ 2, 450 ಮೆಗಾಹರ್ಟ್ಸ್. ಸಗಟು ಬೆಲೆ 669 ಡಾಲರ್. ಇನ್ನೊಂದು ಸೆಲೆರಾನ್ 300ಎ, 300 ಮೆಗಾಹರ್ಟ್ಸ್; ಬೆಲೆ 149 ಡಾಲರ್. ಸೆಲೆರಾನ್‌ನ ವೇಗ ಅಂದರೆ ಬೋರ್ಡಿನ ತಾಳದ ನಾಲ್ಕೂವರೆ ಪಟ್ಟು. ಆ ತಾಳವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಚಿಪ್ ಓಡುವುದು ಸರಿಯಾಗಿ 450ರಲ್ಲಿ! ಬಹಳಷ್ಟು ಚಿಪ್‌ಗಳು ಇದನ್ನು ಸಲೀಸಾಗಿ ತಾಳಿಕೊಂಡವು. ಅಬಿಟ್ ಕಂಪನಿಯ ಬಿಎಚ್6 ಬೋರ್ಡಿನಲ್ಲಿ ಡಬ್ಬ ಬಿಚ್ಚಿ ಜಂಪರ್ ಕೀಳುವ ಕೆಲಸವೂ ಇರಲಿಲ್ಲ, ಬಯೋಸ್‌ನಲ್ಲಿ ಸಂಖ್ಯೆ ಬದಲಿಸಿದರೆ ಮುಗಿಯಿತು.

2000ದಲ್ಲಿ ಎಎಂಡಿಯ ಅಥ್ಲಾನ್ ಮತ್ತು ಡ್ಯೂರಾನ್ ಸರದಿ. ಚಿಪ್ಪಿನ ಮೇಲ್ಮೈಯಲ್ಲಿ ಕತ್ತರಿಸಿಬಿಟ್ಟಿದ್ದ ಪುಟ್ಟ ಸಂಪರ್ಕಗಳನ್ನು ಮಾಮೂಲಿ ಪೆನ್ಸಿಲ್‌ನಿಂದ ಗೀಚಿ ಸೇರಿಸಿದರೆ ವೇಗದ ಬೀಗ ತೆರೆಯುತ್ತಿತ್ತು. ಪೆನ್ಸಿಲ್ಲಿನ ಗ್ರಾಫೈಟ್ ವಿದ್ಯುತ್ ಹರಿಸುತ್ತದಲ್ಲ, ಅಷ್ಟೇ ಗುಟ್ಟು.

ಕಂಪನಿಗಳು ಬೀಗ ಹಾಕಿದ್ದಕ್ಕೆ ಲೋಭವೊಂದೇ ಕಾರಣವಲ್ಲ. ಆ ಕಾಲದಲ್ಲಿ ಅಗ್ಗದ ಚಿಪ್ಪಿನ ಮೇಲಿನ ಬರಹ ಅಳಿಸಿ, ದುಬಾರಿ ಚಿಪ್ಪಿನ ಸಂಖ್ಯೆ ಒತ್ತಿ ಮಾರುವ ದಂಧೆಯೂ ನಡೆಯುತ್ತಿತ್ತು. ಮೋಸ ಹೋಗುತ್ತಿದ್ದವರು ನಮ್ಮಂಥ ಗಿರಾಕಿಗಳೇ.

ನೂರು ಆಂಪಿಯರ್ ಹೊರುವ ಬೋರ್ಡು

ಈಗ ಮದರ್‌ಬೋರ್ಡಿನ ವಿಷಯ. ಹಳೆಯ 486 ಪ್ರೊಸೆಸರ್‌ಗಳು ಪವರ್ ಸಪ್ಲೈ ಕೊಡುವ 5 ವೋಲ್ಟ್ ಅನ್ನೇ ನೇರವಾಗಿ ಬಳಸುತ್ತಿದ್ದವು. ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್‌ಗಳು ಸಣ್ಣದಾದಂತೆ ವೋಲ್ಟೇಜ್ ಇಳಿಯಿತು, ಕರೆಂಟ್ ಏರಿತು. ಎಲೆಕ್ಟ್ರಿಕಲ್ ಕೆಲಸದಲ್ಲಿರುವ ಗೆಳೆಯರಿಗೆ ಲೆಕ್ಕ ಸುಲಭ: 1.2 ವೋಲ್ಟ್‌ನಲ್ಲಿ 120 ವ್ಯಾಟ್ ಬೇಕೆಂದರೆ 100 ಆಂಪಿಯರ್! ನಮ್ಮ ಕೋಣೆಯ ಒಂದೂವರೆ ಟನ್ ಎಸಿ ಎಳೆಯುವುದು ಸಾಮಾನ್ಯವಾಗಿ ಹತ್ತು ಆಂಪಿಯರ್ ಒಳಗೆ.

ಇಷ್ಟು ಕರೆಂಟನ್ನು ದೂರದಿಂದ ತಂತಿಯಲ್ಲಿ ತರಲಾಗದು. ಆದ್ದರಿಂದ 2000ದಲ್ಲಿ ಪೆಂಟಿಯಂ 4 ಜೊತೆಗೆ ನಾಲ್ಕು ಪಿನ್ನಿನ ಪ್ರತ್ಯೇಕ 12 ವೋಲ್ಟ್ ಕನೆಕ್ಟರ್ ಬಂತು. ಊರಿನ ಟ್ರಾನ್ಸ್‌ಫಾರ್ಮರ್ ಮನೆಗಳ ಹತ್ತಿರವೇ ಇರುವಂತೆ, 12 ವೋಲ್ಟ್ ಅನ್ನು ಒಂದು ಚಿಲ್ಲರೆ ವೋಲ್ಟ್‌ಗೆ ಇಳಿಸುವ ಕೆಲಸ ಪ್ರೊಸೆಸರ್ ಪಕ್ಕದಲ್ಲೇ ನಡೆಯುತ್ತದೆ. ಇದಕ್ಕೆ ವಿಆರ್‌ಎಂ ಅನ್ನುತ್ತಾರೆ. ಮಾಸ್‌ಫೆಟ್, ಕಾಯಿಲ್, ಕೆಪಾಸಿಟರ್ ಸೇರಿದ ಒಂದೊಂದು ಗುಂಪು ಒಂದೊಂದು 'ಫೇಸ್'. ಒಬ್ಬನೇ ಮೂಟೆ ಹೊರುವ ಬದಲು ಆರು ಜನ ಸರದಿಯಂತೆ ಹೊತ್ತರೆ ಯಾರಿಗೂ ಬೆನ್ನು ಮುರಿಯುವುದಿಲ್ಲ, ಹಾಗೆ.

ಓವರ್‌ಕ್ಲಾಕಿಂಗ್‌ನ ಹೊರೆ ಬೀಳುವುದು ಇಲ್ಲೇ. ಪ್ರೊಸೆಸರ್ ತಿನ್ನುವ ವಿದ್ಯುತ್ ವೇಗದ ಜೊತೆಗೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜ್ ಜೊತೆಗಾದರೆ ಅದರ ವರ್ಗದಷ್ಟು. ವೇಗ, ವೋಲ್ಟೇಜ್ ಎರಡನ್ನೂ ನೂರಕ್ಕೆ ಹತ್ತರಷ್ಟು ಏರಿಸಿದರೆ ವಿದ್ಯುತ್ ನೂರಕ್ಕೆ 33ರಷ್ಟು ಹೆಚ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು; ಇಲ್ಲಿ ಹಾಸಿಗೆ ಅಂದರೆ ವಿಆರ್‌ಎಂ.

2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಕೆಪಾಸಿಟರ್‌ಗಳು ಉಬ್ಬಿ, ಸೋರಿ, ಲೆಕ್ಕವಿಲ್ಲದಷ್ಟು ಬೋರ್ಡುಗಳು ಸತ್ತವು. ಆಮೇಲೆ ಸಾಲಿಡ್ ಕೆಪಾಸಿಟರ್ ಬಂದವು. ಬೋರ್ಡು ಗಟ್ಟಿಯಾಯಿತು, ಜೊತೆಗೆ ಜಾಹೀರಾತೂ ಶುರುವಾಯಿತು: ಎಂಟು ಫೇಸ್, ಹದಿನಾರು ಫೇಸ್! ಕೆಲವು ಬೋರ್ಡುಗಳಲ್ಲಿ ನಿಯಂತ್ರಿಸುವ ಚಿಪ್ ಕೊಡುವುದು ಅರ್ಧದಷ್ಟೇ ಸಂಕೇತ, ಅದನ್ನೇ ಎರಡಾಗಿ ಹಂಚಿರುತ್ತಾರೆ. ಎಣಿಕೆಗಿಂತ ಬಿಡಿಭಾಗಗಳ ಗುಣ ಮುಖ್ಯ.

ಕಂಪನಿಯೇ ಓವರ್‌ಟೈಮ್ ಎಣಿಸಿಕೊಂಡಾಗ

2008ರಲ್ಲಿ ಇಂಟೆಲ್ 'ಟರ್ಬೊ ಬೂಸ್ಟ್' ತಂದಿತು. ಬಿಸಿ ಮತ್ತು ವಿದ್ಯುತ್ ಮಿತಿಯೊಳಗಿದ್ದರೆ ಚಿಪ್ ತಾನೇ ವೇಗ ಏರಿಸಿಕೊಳ್ಳುವ ಏರ್ಪಾಡು ಅದು. 2011ರ ಪ್ರೊಸೆಸರ್‌ಗಳಲ್ಲಿ ಬೋರ್ಡಿನ ತಾಳ ಏರಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಯಿತು. ವೇಗದ ಬೀಗ ತೆರೆದಿದ್ದುದು ಹೆಸರಿನ ಕೊನೆಗೆ 'ಕೆ' ಇದ್ದ ದುಬಾರಿ ಚಿಪ್‌ಗಳಿಗೆ, ಅದೂ ತಕ್ಕ ಬೋರ್ಡಿನ ಮೇಲೆ ಮಾತ್ರ. ಐ5-2500ಕೆ ಆಗಿನ್ನೂ 3.3ರಿಂದ 4.5 ಗಿಗಾಹರ್ಟ್ಸ್ ಸುಮಾರಿಗೆ ಏರುತ್ತಿತ್ತು. ಆದರೆ ಅಗ್ಗದ ಚಿಪ್ ಕೊಂಡು ದುಬಾರಿ ಚಿಪ್ಪಿನ ವೇಗ ಪಡೆಯುವ ದಿನ ಮುಗಿದಿತ್ತು.

2017ರಿಂದ ಬಂದ ಎಎಂಡಿಯ ರೈಜನ್‌ಗೆ ಬೀಗವಿಲ್ಲ ನಿಜ. ಆದರೆ ಅದೂ ತನ್ನ ತಾಕತ್ತನ್ನು ತಾನೇ ಹೆಚ್ಚುಕಡಿಮೆ ಪೂರ್ತಿ ಬಳಸಿಕೊಳ್ಳುತ್ತದೆ. 2022ರ ರೈಜನ್ 7950ಎಕ್ಸ್ 230 ವ್ಯಾಟ್‌ವರೆಗೆ ವಿದ್ಯುತ್ ತಿಂದು, ಭಾರಿ ಕೆಲಸದಲ್ಲಿ 95 ಡಿಗ್ರಿವರೆಗೆ ಬಿಸಿಯಾಗುವಂತೆಯೇ ರಚನೆಗೊಂಡಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಓವರ್‌ಟೈಮ್ ಹಣವನ್ನು ಮೂಲ ಸಂಬಳದಲ್ಲೇ ಸೇರಿಸಿ ಕರಾರು ಬರೆದ ಹಾಗೆ. ಕಾಗದದ ಮೇಲೆ ಅಂಕಿ ದೊಡ್ಡದು, ಹೆಚ್ಚಿಗೆ ದುಡಿಯಲು ಮೈಯಲ್ಲಿ ಮಿಕ್ಕಿದ್ದೇನೂ ಇಲ್ಲ.

ಅತಿಯಾದರೆ ಏನಾಗುತ್ತದೆ ಅಂತಲೂ ಕಂಡಾಯಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಸವೆದು ಅಸ್ಥಿರವಾದವು. ಆ ವರ್ಷ ಆಗಸ್ಟ್‌ನಿಂದ ಮೈಕ್ರೋಕೋಡ್ ತಿದ್ದುಪಡಿ ಬಂತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದರು.

ಹಾಗಾದರೆ ನಾವೇನು ಮಾಡೋಣ?

ದುಬೈನ ಕಂಪ್ಯೂಟರ್ ಸ್ಟ್ರೀಟ್‌ನಲ್ಲಿ ಕೊಳ್ಳಿ, ರಜೆಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, 'ಓವರ್‌ಕ್ಲಾಕಿಂಗ್ ಬೋರ್ಡ್' ಅನ್ನುವ ಮಾತಿಗೆ ಹೆಚ್ಚು ಹಣ ಕೊಡಬೇಡಿ. ಮಧ್ಯಮ ದರ್ಜೆಯ ಪ್ರೊಸೆಸರ್‌ಗೆ, ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇರುವ ಮಧ್ಯಮ ಬೋರ್ಡು ಧಾರಾಳ ಸಾಕು. ದೊಡ್ಡ ಪ್ರೊಸೆಸರನ್ನು ತೀರಾ ಅಗ್ಗದ ಬೋರ್ಡಿಗೆ ಹಾಕಿದರೆ ಮಾತ್ರ ವಿಆರ್‌ಎಂ ಕಾದು ವೇಗ ತಾನಾಗಿ ಇಳಿಯುತ್ತದೆ. ಕೊಟ್ಟ ದುಡ್ಡು ದಂಡ. ಹಳೆಯ ಇಂಟೆಲ್ ಚಿಪ್ ಕೊಳ್ಳುವವರು ಬಯೋಸ್ ಹೊಸದು ಮಾಡಿಕೊಳ್ಳಿ. ಉಳಿದ ಹಣ ಒಳ್ಳೆಯ ಕೂಲರ್‌ಗೆ, ರ್‍ಯಾಮ್‌ಗೆ ಹೋಗಲಿ. ಊರಿಗೆ ಒಯ್ಯುವ ಯಂತ್ರವಾದರೆ ಯುಪಿಎಸ್ ಮರೆಯಬೇಡಿ.

ಕೈಚಳಕ ತೋರಿಸುವ ಆಸೆ ಇದ್ದವರಿಗೆ ಇವತ್ತಿನ ಗಳಿಕೆ ಇರುವುದು ಇಳಿಸುವುದರಲ್ಲಿ. ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿ ಪರೀಕ್ಷಿಸುತ್ತಾ ಹೋಗುವುದಕ್ಕೆ ಅಂಡರ್‌ವೋಲ್ಟಿಂಗ್ ಅನ್ನುತ್ತಾರೆ. ರೈಜನ್‌ನಲ್ಲಿ 'ಇಕೋ ಮೋಡ್' ಅಂತ ಸಿದ್ಧ ಆಯ್ಕೆಯೇ ಇದೆ. ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬಿಸಿ, ಸದ್ದು, ಕರೆಂಟ್ ಬಿಲ್ ಮೂರೂ ಇಳಿಯುತ್ತವೆ. ಜುಲೈ ತಿಂಗಳಲ್ಲಿ ಹೊರಗೆ 45 ಡಿಗ್ರಿ ಇರುವಾಗ, ನಾಲ್ಕು ಜನ ಮಲಗುವ ಕೋಣೆಯಲ್ಲಿ 230 ವ್ಯಾಟ್‌ನ ಒಲೆ ಯಾರಿಗೆ ಬೇಕು?