ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಸಂಗೀತಗಾರ

ಕಲೆಗೆ ಆಶ್ರಯವಿತ್ತವರ ಪಟ್ಟಿ ಮಾಡಹೊರಟರೆ ನಮಗೆ ಮೊದಲು ನೆನಪಾಗುವವರು ಅರಸರು; ಆಮೇಲೆ ಮಠ, ದೇವಾಲಯ, ಧನಿಕರು. ಅರಿಕೇಸರಿಯ ಆಸ್ಥಾನವನ್ನು ಬಿಟ್ಟು ಪಂಪನನ್ನು ಊಹಿಸಿಕೊಳ್ಳುವುದು ಕಷ್ಟ. ಇಪ್ಪತ್ತನೆಯ ಶತಮಾನ ಈ ಪಟ್ಟಿಗೆ ಯಾರೂ ನಿರೀಕ್ಷಿಸದಿದ್ದ ಒಂದು ಹೆಸರನ್ನು ಸೇರಿಸಿತು: ವಿಜ್ಞಾನದ ಪ್ರಯೋಗಶಾಲೆ. ಇಂದು ಪಶ್ಚಿಮದ ಹಲವು ಸಂಶೋಧನಾಲಯಗಳು ಬೇರೆ ಬೇರೆ ದೇಶದ ಕಲಾವಿದರನ್ನು ಕರೆಸಿ, ಕೆಲವು ತಿಂಗಳು ತಮ್ಮಲ್ಲಿ ಇರಿಸಿಕೊಂಡು, ವಿಜ್ಞಾನಿಗಳ ನಡುವೆ ಓಡಾಡಲು ಬಿಡುತ್ತವೆ. ಈ ಪದ್ಧತಿಯ ಬೇರನ್ನು ಅರಸಿಕೊಂಡು ಹೋದರೆ ನಾವು ತಲುಪುವ ಎಡೆಗಳಲ್ಲಿ ಮುಖ್ಯವಾದದ್ದು ಒಂದು ಟೆಲಿಫೋನ್ ಕಂಪನಿಯ ಕಟ್ಟಡ.

ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಮರ‍್ರೇ ಹಿಲ್ ಎಂಬಲ್ಲಿದ್ದ ಬೆಲ್ ಪ್ರಯೋಗಶಾಲೆಯ ಹೆಸರನ್ನು ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಕೇಳಿರುತ್ತಾರೆ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು ಅಲ್ಲಿಯೇ. ಆ ಕಂಪನಿಗೆ ಸಂಗೀತದ ಗೊಡವೆ ಏಕೆ ಬೇಕಾಯಿತು? ಉತ್ತರ ಸರಳವಾಗಿದೆ. ತಂತಿಯ ಮೇಲೆ ಹೆಚ್ಚು ಮಾತುಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸಬೇಕಾದರೆ, ಮನುಷ್ಯನ ಧ್ವನಿಯನ್ನು ಅಂಕೆಗಳಾಗಿ ಮಾಡಿ, ಆ ಕಡೆ ಮತ್ತೆ ಧ್ವನಿಯಾಗಿ ತಿರುಗಿಸುವ ವಿದ್ಯೆ ಬೇಕಾಗಿತ್ತು. ಧ್ವನಿಯಲ್ಲಿ ಕಿವಿಗೆ ಬೇಕಾದದ್ದೆಷ್ಟು, ಬಿಟ್ಟರೂ ನಡೆಯುವುದೆಷ್ಟು ಎಂದು ತಿಳಿಯಬೇಕಾಗಿತ್ತು. ಈ ವಿದ್ಯೆ ಕೈಗೆ ಬಂದಾಗ ಪಿಟೀಲು ನುಡಿಸಬಲ್ಲ ಒಬ್ಬ ಎಂಜಿನಿಯರಿಗೆ ಒಂದು ಯೋಚನೆ ಹೊಳೆಯಿತು: ಅಂಕೆಗಳಿಂದ ಮಾತನ್ನು ಮರಳಿ ಪಡೆಯಬಹುದಾದರೆ, ಯಾರೂ ನುಡಿಸದ ನಾದವನ್ನೂ ಅಂಕೆಗಳಿಂದಲೇ ಹುಟ್ಟಿಸಬಹುದಲ್ಲವೇ?

ಆ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್. 1957ರಲ್ಲಿ ಅವರು ಬರೆದ ಕ್ರಮವಿಧಿಯಿಂದ ಐಬಿಎಂ 704 ಎಂಬ ಕಂಪ್ಯೂಟರು ಹದಿನೇಳು ಸೆಕೆಂಡಿನ ಒಂದು ಸಂಗೀತದ ತುಣುಕನ್ನು ಹೊರಡಿಸಿತು. ಅಷ್ಟಕ್ಕೇ ಎಷ್ಟು ದುಡಿಮೆ ಎಂಬುದನ್ನು ನೋಡಿ: ಒಂದು ಸೆಕೆಂಡಿನ ನಾದಕ್ಕೆ ಸುಮಾರು 10,000 ಅಂಕೆಗಳು ಬೇಕು. ಯಂತ್ರವಿದ್ದದ್ದು ನ್ಯೂಯಾರ್ಕ್ ನಗರದಲ್ಲಿ. ಅಂಕೆಗಳನ್ನು ಕೇಳುವ ಧ್ವನಿಯಾಗಿ ಮಾಡುವ ಉಪಕರಣವಿದ್ದದ್ದು ಮರ‍್ರೇ ಹಿಲ್ಲಿನಲ್ಲಿ. ಟೇಪನ್ನು ಹೊತ್ತು ತಂದ ಮೇಲೆಯೇ ತಾನು ಮಾಡಿದ್ದು ಸಂಗೀತವೋ ಬರಿಯ ಸದ್ದೋ ಎಂಬುದು ತಿಳಿಯುತ್ತಿತ್ತು.

ಮ್ಯಾಥ್ಯೂಸರ ಬೆನ್ನಿಗೆ ನಿಂತ ಮೇಲಧಿಕಾರಿ ಜಾನ್ ಪಿಯರ್ಸ್. ‘ಟ್ರಾನ್ಸಿಸ್ಟರ್’ ಎಂಬ ಹೆಸರನ್ನು ಸೂಚಿಸಿದವರು ಇವರೇ. ಬಿಡುವಿನಲ್ಲಿ ಬೇರೆ ಹೆಸರಿನಿಂದ ವಿಜ್ಞಾನದ ಕಥೆಗಳನ್ನೂ ಬರೆಯುತ್ತಿದ್ದರು. ಯಂತ್ರ ತಯಾರಾಯಿತು, ಆದರೆ ಅದರಿಂದ ಹೊರಡಿಸಲು ಯೋಗ್ಯವಾದದ್ದೇನು ಎಂಬುದನ್ನು ಸಂಗೀತಗಾರನೇ ಹೇಳಬೇಕು ಎಂಬುದು ಈ ಇಬ್ಬರಿಗೂ ಮನವರಿಕೆಯಾಗಿತ್ತು. ಹಾಗೆ 1961ರಲ್ಲಿ ಜೇಮ್ಸ್ ಟೆನ್ನಿ ಎಂಬ ಇಪ್ಪತ್ತೇಳರ ತರುಣ ಸಂಗೀತಕಾರ ಒಳಗೆ ಬಂದ. ಸಂಬಳ ಶ್ರವಣ ಸಂಶೋಧನೆಯ ಹೆಸರಿನಲ್ಲಿ. ಸಂಗೀತ ರಚಿಸಲು ಸ್ವಾತಂತ್ರ್ಯ.

ಟೆನ್ನಿ ನ್ಯೂಯಾರ್ಕಿನಿಂದ ಪ್ರಯೋಗಶಾಲೆಗೆ ಬರುವಾಗ ಹಡ್ಸನ್ ನದಿಯ ಅಡಿಯಲ್ಲಿರುವ ಹಾಲೆಂಡ್ ಸುರಂಗವನ್ನು ದಾಟಬೇಕಾಗಿತ್ತು. ವಾಹನಗಳ ಆ ಗದ್ದಲ ಮೊದಮೊದಲು ತಲೆ ಚಿಟ್ಟು ಹಿಡಿಸುತ್ತಿತ್ತು. ಕಿವಿ ಮುಚ್ಚಿಕೊಳ್ಳುವಂತಿಲ್ಲ. ಕೊನೆಗೆ ಆತ ಅದನ್ನು ಬೇಸರವಿಲ್ಲದೆ ಕೇಳತೊಡಗಿದ; ಕೇಳುತ್ತ ಹೋದಂತೆ ಅದರ ಏರಿಳಿತಗಳಲ್ಲಿ ಒಂದು ವಿನ್ಯಾಸ ಕಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬರಿಯ ಗದ್ದಲವನ್ನೇ ಸಾಮಗ್ರಿಯಾಗಿಟ್ಟುಕೊಂಡು ಕಂಪ್ಯೂಟರಿನಿಂದ ಒಂದು ಕೃತಿಯನ್ನು ಮಾಡಿಸಿದ. ಟೆಲಿಫೋನ್ ಎಂಜಿನಿಯರಿಗೆ ಗದ್ದಲವೆಂದರೆ ಹುಟ್ಟು ಶತ್ರು. ಅದನ್ನು ತೊಡೆದುಹಾಕುವುದೇ ಅವನ ಉದ್ಯೋಗ. ಅದೇ ಛಾವಣಿಯ ಕೆಳಗೆ ಕುಳಿತ ಇನ್ನೊಬ್ಬ ಆ ಶತ್ರುವಿಗೆ ಮಣೆ ಹಾಕಿದ!

ಇದು ಕಲಾವಿದ ಪಡೆದ ಲಾಭ. ಪ್ರಯೋಗಶಾಲೆ ಪಡೆದದ್ದೇನು? ಇದಕ್ಕೆ ಉತ್ತರ ಕೊಟ್ಟವರು ಫ್ರಾನ್ಸಿನಿಂದ 1964ರಲ್ಲಿ ಬಂದ ಜಾನ್ ಕ್ಲೋದ್ ರಿಸ್ಸೆ. ಅವರು ಭೌತವಿಜ್ಞಾನವನ್ನೂ ಸಂಗೀತ ರಚನೆಯನ್ನೂ ಕ್ರಮವಾಗಿ ಕಲಿತವರು. ಆಗ ಎಲ್ಲರನ್ನೂ ಕಾಡುತ್ತಿದ್ದ ಒಂದು ತೊಡಕಿತ್ತು. ಪ್ರತಿಯೊಂದು ವಾದ್ಯದ ಸ್ವರದಲ್ಲಿ ಮೂಲಸ್ವರದೊಡನೆ ಯಾವ ಯಾವ ಅನುಸ್ವರಗಳು ಎಷ್ಟೆಷ್ಟು ಬೆರೆತಿವೆ ಎಂಬ ಲೆಕ್ಕ ಶಬ್ದಶಾಸ್ತ್ರದ ಪುಸ್ತಕಗಳಲ್ಲಿತ್ತು. ಆ ಲೆಕ್ಕದಂತೆ ಯಂತ್ರಕ್ಕೆ ಅಂಕೆ ಕೊಟ್ಟರೆ ಟ್ರಂಪೆಟ್ ಕಹಳೆಯ ನಾದ ಬರಬೇಕು, ಆದರೆ ಬರುತ್ತಿರಲಿಲ್ಲ. ಶಾಸ್ತ್ರ ಸರಿ ಎನ್ನುತ್ತಿತ್ತು, ಕಿವಿ ಒಪ್ಪುತ್ತಿರಲಿಲ್ಲ.

ರಿಸ್ಸೆ ಕಿವಿಯ ಪಕ್ಷ ವಹಿಸಿದರು. ನಿಜವಾದ ಟ್ರಂಪೆಟ್ಟಿನ ಧ್ವನಿಯನ್ನು ಅಂಕೆಗಳಿಗೆ ಇಳಿಸಿ, ಕ್ಷಣಕ್ಷಣಕ್ಕೂ ಅದು ಹೇಗೆ ಮಾರ್ಪಡುತ್ತದೆಂದು ನೋಡಿದರು. ಗುಟ್ಟು ಅಲ್ಲಿತ್ತು. ಆ ಬೆರಕೆ ಸ್ಥಿರವಾದದ್ದಲ್ಲ. ಸ್ವರ ಹೊರಡುವಾಗ ಕೆಳಗಿನ ಅನುಸ್ವರಗಳು ಮೊದಲು ಮೂಡುತ್ತವೆ, ಮೇಲಿನವು ತುಸು ತಡೆದು ಬರುತ್ತವೆ. ಊದಿದ್ದು ಬಲವಾದಷ್ಟೂ ಮೇಲಿನವುಗಳ ಪಾಲು ಹೆಚ್ಚುತ್ತದೆ. ಪುಸ್ತಕ ಕೊಟ್ಟದ್ದು ನಾದದ ನಿಶ್ಚಲ ಚಿತ್ರ, ನಾದವಾದರೋ ಕಾಲದಲ್ಲಿ ಬಾಳುವ ವಸ್ತು. ಈ ನಿಯಮವನ್ನು ಕಲಿಸಿದ ಮೇಲೆ ಯಂತ್ರದ ಸ್ವರಕ್ಕೂ ವಾದ್ಯದ ಸ್ವರಕ್ಕೂ ಭೇದ ಹೇಳುವುದು ನುರಿತ ಕಿವಿಗಳಿಗೂ ಕಷ್ಟವಾಯಿತು.

ಈ ತಿಳಿವಳಿಕೆ ಅಲ್ಲಿಗೇ ನಿಲ್ಲಲಿಲ್ಲ. ಸ್ಟ್ಯಾನ್‌ಫರ್ಡಿನ ಸಂಗೀತಗಾರ ಜಾನ್ ಚೌನಿಂಗ್ 1967ರಲ್ಲಿ ನಾದವನ್ನು ಸುಲಭವಾಗಿ ಹುಟ್ಟಿಸುವ ಬೇರೊಂದು ಉಪಾಯವನ್ನು ಕಂಡುಕೊಂಡಿದ್ದರು. ರಿಸ್ಸೆಯವರ ಸೂತ್ರವನ್ನು ಅದಕ್ಕೆ ಹೊಂದಿಸಿದಾಗ ಅಲ್ಲಿಯೂ ಕಹಳೆ ನುಡಿಯಿತು. ಚೌನಿಂಗರ ಉಪಾಯವನ್ನು ಜಪಾನಿನ ಯಮಾಹಾ ಕಂಪನಿ ಹಕ್ಕುಪತ್ರದ ಮೂಲಕ ಪಡೆದು, 1983ರಲ್ಲಿ ಡಿಎಕ್ಸ್ 7 ಎಂಬ ಕೀಬೋರ್ಡನ್ನು ಹೊರತಂದಿತು. ಜಗತ್ತಿನ ಜನಪ್ರಿಯ ಸಂಗೀತದ ದನಿಯನ್ನೇ ಬದಲಿಸಿದ ವಾದ್ಯಗಳಲ್ಲಿ ಅದೊಂದು.

ಇಷ್ಟು ಫಲ ಕೊಟ್ಟ ವ್ಯವಸ್ಥೆ ಭದ್ರವಾಗಿತ್ತೆಂದು ಭಾವಿಸಬೇಡಿ. ಬೆಲ್ ಸಂಸ್ಥೆ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟ ಏಕಸ್ವಾಮ್ಯ. ಟೆಲಿಫೋನ್ ಗಿರಾಕಿಗಳ ಹಣದಲ್ಲಿ ಕಹಳೆ ಏಕೆ ಎಂದು ಯಾರಾದರೂ ಕೇಳಬಹುದಿತ್ತು. ಆದ್ದರಿಂದ ಸಂಗೀತದ ಕೆಲಸಕ್ಕೆ ಮಾತಿನ ಸಂಶೋಧನೆಯ ನೆರಳು ಬೇಕಾಗಿತ್ತು. ಆ ನೆರಳು ನಿಂತದ್ದು ಪಿಯರ್ಸರಂಥ ರಸಿಕ ಅಧಿಕಾರಿಯಿಂದ. ಟೆನ್ನಿ 1964ರಲ್ಲಿ ಹೊರಟುಹೋದರು. ಪಿಯರ್ಸ್ 1971ರಲ್ಲಿ ನಿವೃತ್ತರಾದರು. 1984ರಲ್ಲಿ ಟೆಲಿಫೋನ್ ಸಾಮ್ರಾಜ್ಯವೇ ಒಡೆಯಿತು. ರಾಜಾಶ್ರಯಕ್ಕೆ ಇದ್ದ ದೌರ್ಬಲ್ಯವೇ ಇಲ್ಲಿಯೂ ಇತ್ತು: ಪೋಷಕನ ಅಭಿರುಚಿಯೊಡನೆ ಪೋಷಣೆಯೂ ಹೋಗುತ್ತದೆ. ಫ್ರಾನ್ಸು ಇದನ್ನು ಅರಿತಂತೆ ತೋರುತ್ತದೆ. ಪಿಯರ್ ಬೂಲೆಜ್ ಪ್ಯಾರಿಸಿನಲ್ಲಿ ಕಟ್ಟಿದ, 1977ರಲ್ಲಿ ಬಾಗಿಲು ತೆರೆದ ಇರ್ಕಾಂ ಸಂಸ್ಥೆಯಲ್ಲಿ ಸಂಗೀತಗಾರ ಯಾವ ನೆಪವೂ ಇಲ್ಲದೆ ಪ್ರಯೋಗಶಾಲೆಯ ಹಕ್ಕುದಾರನಾದ. ಅಲ್ಲಿಯ ಕಂಪ್ಯೂಟರ್ ವಿಭಾಗವನ್ನು ಮೊದಲು ನಡೆಸಿದವರು ಇದೇ ರಿಸ್ಸೆ.

ಜಿನೀವಾದ ಬಳಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಸರ್ನ್ ಸಂಶೋಧನಾಲಯ 2011ರಲ್ಲಿ ಇಂಥ ಅತಿಥ್ಯವನ್ನು ನಿಯಮಬದ್ಧವಾದ ಯೋಜನೆಯಾಗಿಸಿತು. ಮರುವರ್ಷ ಜರ್ಮನಿಯ ಕಲಾವಿದ ಯೂಲಿಯಸ್ ಫಾನ್ ಬಿಸ್ಮಾರ್ಕ್ ಅಲ್ಲಿ ತಂಗಿದರು. ಅವರೊಡನೆ ಮಾತುಕತೆಗೆಂದೇ ಒಬ್ಬ ಭೌತವಿಜ್ಞಾನಿಯನ್ನು ಗೊತ್ತುಮಾಡಲಾಗಿತ್ತು. ಒಳ್ಳೆಯ ಮಾತು. ಆದರೆ ಕಲಾವಿದ ಪ್ರಯೋಗಶಾಲೆಯ ಅಂಗಳದ ರಂಗವಲ್ಲಿಯಾಗಿ ಉಳಿಯುತ್ತಾನೋ, ಒಳಗಿನ ಲೆಕ್ಕವನ್ನು ಪ್ರಶ್ನಿಸುವ ಕಿವಿಯಾಗುತ್ತಾನೋ ಎಂಬುದೇ ಇಂಥ ಯೋಜನೆಗಳೆಲ್ಲದರ ಒರೆಗಲ್ಲು. ನಿಯಮಪತ್ರದಿಂದ ಅದು ತೀರ್ಮಾನವಾಗುವುದಿಲ್ಲ.

ಈ ವಿಚಾರ ನಮಗೆ ದೂರದ್ದಲ್ಲ. ಸಿ. ವಿ. ರಾಮನ್ 1920ರಲ್ಲಿ ಕಲ್ಕತ್ತೆಯಿಂದಲೂ, 1934ರಲ್ಲಿ ಬೆಂಗಳೂರಿನಿಂದಲೂ ನಮ್ಮ ಮೃದಂಗ ತಬಲಗಳ ಬಗೆಗೆ ಬರೆದರು. ಸಾಧಾರಣ ಚರ್ಮವಾದ್ಯದ ಅನುಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಬಳಿದ ಕರಿಯ ಲೇಪದ ಭಾರದಿಂದ ನಮ್ಮ ವಾದ್ಯಗಳಲ್ಲಿ ಅವು ಹೊಂದಿ ನಾದವಾಗುತ್ತವೆ ಎಂದು ತೋರಿಸಿ, ಹೆಸರಿಲ್ಲದ ಆ ಕುಶಲಿಗಳ ಜಾಣ್ಮೆಗೆ ವಿಜ್ಞಾನದ ಸಾಕ್ಷಿ ನುಡಿದರು. ಅಲ್ಲಿ ವಾದ್ಯ ಪ್ರಯೋಗಶಾಲೆಗೆ ಬಂದಿತು. ಆ ಲೇಪವನ್ನು ಅರೆದು, ಪದರ ಪದರವಾಗಿ ಮೆತ್ತಿ, ಬಾರಿಸಿ ನೋಡಿ ತಿದ್ದುವ ಕೈಗಳನ್ನೂ ಸಂಬಳ ಕೊಟ್ಟು, ಕುರ್ಚಿ ಹಾಕಿ, ವರ್ಷಗಟ್ಟಲೆ ಅಲ್ಲಿಯೇ ಇರಿಸಿಕೊಂಡರೆ ಇನ್ನೇನೇನು ತಿಳಿದೀತು? ಲೇಪದ ಭಾರವನ್ನು ತಕ್ಕಡಿ ಹೇಳುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಅದು ಹೇಳಲಾರದು.