ಚಕ್ರ ಚಿಕ್ಕದಾಯ್ತು, ಕಾರು ಉಳೀತು

ಚಕ್ರ ದೊಡ್ಡದಿರಬೇಕಾ, ಚಿಕ್ಕದಿರಬೇಕಾ? ಇದೂ ಒಂದು ಚರ್ಚೆ ಮಾಡೋ ವಿಷಯಾನಾ ಅಂತ ನೀವು ಕೇಳಬಹುದು. ಬರ ಬಂದಿದೆ, ಬೆಲೆ ಏರಿದೆ, ಸರ್ಕಾರ ಬೀಳುತ್ತಾ ನಿಲ್ಲುತ್ತಾ ಅಂತ ಊರೆಲ್ಲ ಮಾತಾಡ್ತಿರುವಾಗ ಇವರು ಚಕ್ರ ಹಿಡ್ಕೊಂಡು ಕೂತಿದ್ದಾರೆ ಅಂತ ಬೈಯಬಹುದು. ಬೈಯಿರಿ. ಆದರೆ ಹತ್ತು ನಿಮಿಷ ಕೊಡಿ. ಈ ಚಕ್ರದ ಕಥೆಯೊಳಗೆ ನಮ್ಮ ರಸ್ತೆ ಇದೆ, ನಮ್ಮ ಕಾನೂನು ಇದೆ, ಅಪ್ಪ ಬಿಟ್ಟುಹೋದ ಕಾರನ್ನು ಗುಜರಿಗೆ ಹಾಕೋದಾ ಉಳಿಸಿಕೊಳ್ಳೋದಾ ಅಂತ ಒದ್ದಾಡುವ ಸಾವಿರಾರು ಮನೆಗಳ ಸಂಕಟ ಇದೆ.

ಮೊದಲು ಮಂಡ್ಯದ ಗದ್ದೆ ಬಯಲಿಗೆ ಬನ್ನಿ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ, ಅಂದ್ರೆ ನಮ್ಮ ಮೈಶುಗರ್, ಶುರುವಾಗಿದ್ದು 1933ರಲ್ಲಿ. ಕನ್ನಂಬಾಡಿ ಕಟ್ಟೆ ನೀರು ಕೊಟ್ಟಿತು, ನಾಲೆ ಕಬ್ಬು ಕೊಟ್ಟಿತು. ಆ ಕಬ್ಬನ್ನು ಕಾರ್ಖಾನೆ ಬಾಗಿಲಿಗೆ ಹೊತ್ತು ತಂದಿದ್ದು ಯಾರು? ಎತ್ತಿನ ಗಾಡಿ. ಎದೆಯೆತ್ತರದ ಮರದ ಚಕ್ರ, ಸುತ್ತ ಕಬ್ಬಿಣದ ಪಟ್ಟಿ, ಅಚ್ಚಿನ ತುದಿಗೆ ಕಡಾಣಿ. ಅಷ್ಟು ದೊಡ್ಡ ಚಕ್ರ ಯಾಕೆ? ಶೋಕಿಗಲ್ಲ. ರಸ್ತೆ ಅನ್ನೋದೇ ಇರಲಿಲ್ಲ, ಅದಕ್ಕೆ. ಹಳ್ಳ, ಕೆಸರು, ಬದು, ಕಲ್ಲು. ದೊಡ್ಡ ಚಕ್ರ ಗುಂಡಿಯನ್ನು ದಾಟಿಬಿಡುತ್ತೆ, ಚಿಕ್ಕ ಚಕ್ರ ಗುಂಡಿಯೊಳಗೆ ಇಳಿದುಬಿಡುತ್ತೆ. ನಮ್ಮ ರೈತನಿಗೆ ಇದನ್ನು ಯಾವ ಎಂಜಿನಿಯರಿಂಗ್ ಕಾಲೇಜೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಟೈರ್ ಗಾಡಿ ಬಂತು. ಮರದ ಚಕ್ರ ಹೋಯ್ತು, ಗಾಳಿ ತುಂಬಿದ ರಬ್ಬರ್ ಚಕ್ರ ಬಂತು, ಎತ್ತರ ಅರ್ಧಕ್ಕರ್ಧ ಇಳಿಯಿತು. ಹೇರು ಕೆಳಗೆ ಬಂತು. ಎತ್ತಿನ ಹೆಗಲಿಗೆ ಹೊಡೆತ ಕಮ್ಮಿಯಾಯ್ತು, ಅದೇ ಜೋಡಿ ಎತ್ತು ಹೆಚ್ಚು ಭಾರ ಎಳೆಯೋಕೆ ಶುರು ಮಾಡಿದವು. ಬೆಂಗಳೂರಿನ ಐಐಎಂ ಸ್ಥಾಪಕ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿ ಸುಧಾರಣೆಯನ್ನೇ ಒಂದು ವ್ರತದ ಹಾಗೆ ಹಿಡಿದಿದ್ದರು. ಮ್ಯಾನೇಜ್‌ಮೆಂಟ್ ಓದಿಸುವ ದೊಡ್ಡ ಸಂಸ್ಥೆಯ ಮೇಷ್ಟ್ರಿಗೆ ಎತ್ತಿನ ಗಾಡಿ ಯಾಕೆ ಅಂತ ನಕ್ಕವರೂ ಇದ್ದರು. ಅವರ ಮಾತು ಸರಳವಾಗಿತ್ತು: ದೇಶದ ಸಾಮಾನು ಹೊರುತ್ತಿರುವುದು ಇದೇ ಗಾಡಿ, ಮೊದಲು ಇದನ್ನು ಸರಿ ಮಾಡಿ.

ಇಲ್ಲಿ ಒಂದು ಸೂತ್ರ ಸಿಕ್ಕಿತು ನೋಡಿ. ಚಕ್ರ ಚಿಕ್ಕದಾಗಬೇಕಾದರೆ ಮೊದಲು ಎರಡು ಆಗಬೇಕು. ರಸ್ತೆ ಸರಿಯಾಗಬೇಕು, ಟೈರು ಚೆನ್ನಾಗಿರಬೇಕು. ಎರಡೂ ಇಲ್ಲದೆ ಚಕ್ರ ಮಾತ್ರ ಚಿಕ್ಕದು ಮಾಡಿದರೆ ಸವಾರನ ಸೊಂಟ ಹೋಗುತ್ತೆ.

ಇದೇ ಸೂತ್ರವನ್ನು ಕಾರಿಗೆ ತಂದವನು ಅಲೆಕ್ ಇಸಿಗೋನಿಸ್. 1956ರಲ್ಲಿ ಸೂಯೆಜ್ ಕಾಲುವೆ ಬಿಕ್ಕಟ್ಟು. ಬ್ರಿಟನ್‌ನಲ್ಲಿ ಪೆಟ್ರೋಲಿಗೆ ರೇಷನ್. ಕಡಿಮೆ ಕುಡಿಯುವ ಚಿಕ್ಕ ಕಾರು ಬೇಕಿತ್ತು. ಇಸಿಗೋನಿಸ್ ಹತ್ತು ಅಡಿ ಉದ್ದದ ಕಾರು ಮಾಡ್ತೀನಿ, ಅದರಲ್ಲಿ ನಾಲ್ಕು ಜನ ಕೂರಬೇಕು ಅಂತ ಹೊರಟ. ಹತ್ತು ಅಡಿಯಲ್ಲಿ ನಾಲ್ಕು ಜನ ಹೇಗೆ ಕೂರ್ತಾರೆ? ಎಂಜಿನ್ ಅಡ್ಡ ಇಟ್ಟ. ಚಕ್ರದ ರಿಮ್ಮನ್ನು 10 ಇಂಚಿಗೆ ಇಳಿಸಿದ. ಚಕ್ರ ಕೂರುವ ಗೂಡು ಚಿಕ್ಕದಾದಷ್ಟೂ ಮನುಷ್ಯ ಕೂರುವ ಜಾಗ ದೊಡ್ಡದಾಗುತ್ತೆ. ಆ ಅಳತೆಯ ಕಾರ್ ಟೈರನ್ನು ಡನ್ಲಪ್ ಕಂಪನಿ ಅವನಿಗಾಗಿ ಮಾಡಿಕೊಟ್ಟಿತು. 1959ರ ಆಗಸ್ಟ್‌ನಲ್ಲಿ ಮಿನಿ ಬಂತು. ಆಟದ ಸಾಮಾನು ಅಂತ ಕರೆಸಿಕೊಂಡ ಅದೇ ಕಾರು 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು.

ಇನ್ನೊಂದು ತಮಾಷೆ ಕೇಳಿ. 1984ರಲ್ಲಿ ಮಿನಿಗೆ ಕಂಪನಿಯೇ 12 ಇಂಚಿನ ಚಕ್ರ ಹಾಕಿತು, ಮುಂದಕ್ಕೆ ದೊಡ್ಡ ಡಿಸ್ಕ್ ಬ್ರೇಕ್ ಕೊಟ್ಟಿತು. ಕಾರಿನ ಪ್ರೇಮಿಗಳು ಏನು ಮಾಡಿದರು? ಹೊಸ ಮಿನಿ ತಗೊಂಡು ವಾಪಸ್ 10 ಇಂಚಿನ ಚಕ್ರ ಹಾಕಿಸೋಕೆ ಶುರು ಮಾಡಿದರು! ಆದರೆ ಆ ದೊಡ್ಡ ಡಿಸ್ಕ್ ಬ್ರೇಕ್ 10 ಇಂಚಿನ ರಿಮ್ಮಿನೊಳಗೆ ಕೂರೋದಿಲ್ಲ. ಚಕ್ರ ಚಿಕ್ಕದು ಬೇಕು ಅಂದರೆ ಬ್ರೇಕನ್ನೂ ಚಿಕ್ಕದು ಮಾಡಬೇಕು. ಅಂದ್ರೆ ಚಕ್ರ ಅನ್ನೋದು ಒಂಟಿ ಸಾಮಾನಲ್ಲ. ಅದನ್ನು ಮುಟ್ಟಿದರೆ ಬ್ರೇಕು, ಗೇರು, ಸ್ಪೀಡೋಮೀಟರ್ ಎಲ್ಲ ಮುಟ್ಟಿದ ಹಾಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ದೇಶದಲ್ಲಿ ಆಗ ಇದ್ದದ್ದು ಮೂರೇ ಮೂರು ಕಾರು. ಕಲ್ಕತ್ತಾ ಕಡೆಯ ಅಂಬಾಸಿಡರ್, ಚಕ್ರ 15 ಇಂಚು. ಬೊಂಬಾಯಿಯ ಫಿಯೆಟ್, 14 ಇಂಚು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, 13 ಇಂಚು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಲಾಲ್ ಬಹದ್ದೂರ್ ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ 12,000 ರೂಪಾಯಿಯ ಫಿಯೆಟ್ ತಗೊಳ್ಳೋಕೆ 5,000 ರೂಪಾಯಿ ಬ್ಯಾಂಕ್ ಸಾಲ ಮಾಡಿದರು. ಅವರು ತೀರಿಕೊಂಡ ಮೇಲೆ ಆ ಸಾಲ ತೀರಿಸಿದ್ದು ಅವರ ಪತ್ನಿ ಲಲಿತಾ ಶಾಸ್ತ್ರಿ, ತಮ್ಮ ಪಿಂಚಣಿ ಹಣದಲ್ಲಿ. ಕಾರು ಅಂದರೆ ಆಗ ಅಷ್ಟು ಭಾರದ ಮಾತು. ಆ ಫಿಯೆಟ್ಟೇ 1974ರಲ್ಲಿ ರಾಣಿ ಪದ್ಮಿನಿಯ ಹೆಸರು ಹೊತ್ತು ಪ್ರೀಮಿಯರ್ ಪದ್ಮಿನಿ ಆಯ್ತು. ಸ್ಟೀರಿಂಗ್ ಪಕ್ಕದಲ್ಲೇ ಗೇರು, 1089 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು.

ನಮ್ಮ ಬೆಂಗಳೂರೂ ಸುಮ್ಮನೆ ಕೂತಿರಲಿಲ್ಲ. 1970ರ ದಶಕದಲ್ಲಿ ಸನ್‌ರೈಸ್ ಆಟೋ ಇಂಡಸ್ಟ್ರೀಸ್ ಅನ್ನೋ ಬೆಂಗಳೂರಿನ ಕಂಪನಿ ಬಾದಲ್ ಅಂತ ಮೂರು ಚಕ್ರದ ಕಾರು ಮಾಡಿತು. ಮುಂದೆ ಅದೇ ಸಿಪಾನಿ ಆಟೋಮೊಬೈಲ್ಸ್ ಆಗಿ ಡಾಲ್ಫಿನ್ ಕಾರು ತಂದಿತು. ಫೈಬರ್ ಬಾಡಿಯ ಪುಟ್ಟ ಕಾರು. ಅದರ ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್, ಅದು ಓಡುತ್ತಿದ್ದದ್ದು 10 ಇಂಚಿನ ರಿಮ್ ಮೇಲೆ. ಆದರೆ 1983ರ ಡಿಸೆಂಬರ್‌ನಲ್ಲಿ 12 ಇಂಚಿನ ಚಕ್ರದ ಮಾರುತಿ 800 ಬಂತಲ್ಲ, ಆಟವೇ ಬದಲಾಗಿಹೋಯ್ತು. ಡಾಲ್ಫಿನ್ ಮರೆಯಾಯ್ತು. ಪದ್ಮಿನಿ ಇನ್ನೂ ಹದಿನೈದು ವರ್ಷಕ್ಕೂ ಮೇಲೆ ಎಳೆದಾಡಿಕೊಂಡು 2000ದ ಹೊತ್ತಿಗೆ ನಿಂತಿತು. ಕಾರು ನಿಂತ ಮೇಲೆ ಅದರ ಟೈರು ಯಾರು ಮಾಡ್ತಾರೆ?

ಈಗ ಬಸರಾಳಿಗೆ ಬನ್ನಿ. ಮಂಡ್ಯದಿಂದ ನಾಗಮಂಗಲದ ದಾರಿಯಲ್ಲಿರುವ ಹೋಬಳಿ ಊರು. ಹೊಯ್ಸಳರ ಮಲ್ಲಿಕಾರ್ಜುನ ದೇವಸ್ಥಾನ ನೋಡೋಕೆ ಅಂತ ಹೋಗಿದ್ದೆ. ವಾಪಸ್ ಹೊರಟಾಗ ಒಂದು ಮನೆ ಮುಂದೆ ಪದ್ಮಿನಿ ನಿಂತಿತ್ತು. 1974ರ ಗಾಡಿ, ಐವತ್ತು ದಾಟಿದೆ. ಬಣ್ಣ ಹಳೆಯದು, ಆದರೆ ಒಂದು ಕಡೆನೂ ತುಕ್ಕಿಲ್ಲ. ಏನೋ ಕುಳ್ಳಗೆ ಕಾಣ್ತಿದೆಯಲ್ಲ ಅಂತ ಬಗ್ಗಿ ನೋಡಿದೆ. ಚಕ್ರ 13 ಇಂಚಿನದು. ಯಾಕಣ್ಣಾ ಹಿಂಗೆ ಅಂದೆ. ಮನೆಯ ಯಜಮಾನರು ಹೇಳಿದ್ದಿಷ್ಟು: "ಹದಿನಾಲ್ಕರ ಟೈರೇ ಸಿಗಾಕಿಲ್ಲ ಕನ ಸಾ. ಸಿಕ್ರೂ ಎಷ್ಟ್ ವರ್ಸದ್ದೋ ಏನೋ, ಒಡ್ದೋಗಿರ್ತದೆ. ಹದಿಮೂರರದ್ದು ಮಂಡ್ಯದಲ್ಲಿ ಯಾವ ಅಂಗ್ಡಿಗೋದ್ರೂ ಸಿಗ್ತದೆ. ಅಪ್ಪನ ಗಾಡಿ, ನಿಲ್ಸಾಕೆ ಮನ್ಸಿಲ್ಲ."

ಇಡೀ ವಿಷಯ ಆ ನಾಲ್ಕು ಮಾತಲ್ಲೇ ಇದೆ. ಪೇಟೆಯ ಹುಡುಗರು ಹಳೇ ಕಾರಿಗೆ ಚಕ್ರ ಬದಲಾಯಿಸೋದು ಅಂದಕ್ಕೆ, ಅಲಾಯ್ ಮಿಂಚಲಿ ಅಂತ. ಇವರು ಬದಲಾಯಿಸಿದ್ದು ಜೀವಕ್ಕೆ ಹೆದರಿ. ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದು ಬಿರುಕು ಬಿಟ್ಟ ಸರಿಯಳತೆಯ ಟೈರಿಗಿಂತ, ಒಂದಿಂಚು ಚಿಕ್ಕದಾದ ಹೊಸ ಟೈರು ವಾಸಿ ಅಂತ ಲೆಕ್ಕ ಹಾಕಿದ್ದಾರೆ.

ಲೆಕ್ಕ ಸರಿ ಇದೆಯಾ? ನಾವೂ ಹಾಕೋಣ. ಪದ್ಮಿನಿಯ ಮೂಲ ಟೈರು 5.20–14. ರಿಮ್ಮು, ಟೈರು ಸೇರಿ ಒಟ್ಟು ಎತ್ತರ ಸುಮಾರು 610 ಮಿಲಿಮೀಟರ್. 13 ಇಂಚಿನ ರಿಮ್ಮಿಗೆ 155/80 ಟೈರು ಹಾಕಿದರೆ ಸುಮಾರು 578. ನೂರಕ್ಕೆ ಐದರಷ್ಟು ಕಮ್ಮಿ. ಮೊದಲು ಒಂದು ಕಿಲೋಮೀಟರಿಗೆ ಚಕ್ರ 522 ಸುತ್ತು ಹಾಕ್ತಿತ್ತು, ಈಗ 551 ಸುತ್ತು. ಎಂಜಿನ್ ಅಷ್ಟು ಹೆಚ್ಚು ದುಡಿಯಬೇಕು. ಏರಿನಲ್ಲಿ ಎಳೆತ ಚೆನ್ನಾಗಿರುತ್ತೆ, ಹೈವೇಯಲ್ಲಿ ಸದ್ದು ಜಾಸ್ತಿ. ಸ್ಪೀಡೋಮೀಟರ್ 60 ತೋರಿಸಿದಾಗ ಕಾರು ನಿಜವಾಗಿ ಓಡ್ತಿರೋದು 57. ಮೀಟರ್ 100 ಕಿಲೋಮೀಟರ್ ತೋರಿಸಿದರೆ ನೀವು ಹೋಗಿರೋದು 95. ಚಕ್ರ ಬದಲಾಯಿಸಿದ ಮೇಲೆ ಮೈಲೇಜ್ ಜಾಸ್ತಿಯಾಯ್ತು ಅಂತ ಕುಣಿಯೋರಿಗೆ ಇದನ್ನು ಹೇಳಿ, ಅದು ಪೆಟ್ರೋಲು ಉಳಿದದ್ದಲ್ಲ, ಮೀಟರ್ ಹೇಳಿದ ಸುಳ್ಳು. ಇನ್ನು ಕಾರು ನೆಲಕ್ಕೆ ಒಂದೂವರೆ ಸೆಂಟಿಮೀಟರ್ ಹತ್ತಿರ ಬರುತ್ತೆ. ತಿರುವಿನಲ್ಲಿ ಅದು ಒಳ್ಳೆಯದು. ನಮ್ಮೂರ ರೋಡ್ ಹಂಪುಗಳ ಮೇಲೆ ಒಳ್ಳೆಯದಲ್ಲ.

ಅಂದ್ರೆ ಪ್ರಾಣಾಪಾಯದ ಬದಲಾವಣೆ ಅಲ್ಲ, ನಿಯಮ ತಿಳಿದು ಮಾಡಿದರೆ. ಬೋಲ್ಟಿನ ತೂತು ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ರಿಮ್ಮು ಬ್ರೇಕ್ ಡ್ರಮ್ಮಿಗೆ ಎಲ್ಲೂ ತಾಗದೆ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಟೈರಿಗೆ ಕಾರಿನ ಭಾರ ಹೊರುವ ಶಕ್ತಿ ಇದೆಯಾ ಅಂತ ಅದರ ಮೇಲಿನ ಅಂಕಿ ನೋಡಬೇಕು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಬೇಕು. ಎರಡು ಹಳೇ ನೈಲಾನ್ ಟೈರು, ಎರಡು ರೇಡಿಯಲ್ ಅಂತ ಬೆರಕೆ ಮಾಡಿದರೆ ಮಳೆಯಲ್ಲಿ ಬ್ರೇಕ್ ಹಾಕಿದಾಗ ಕಾರು ಯಾವ ಕಡೆ ಎಳೆಯುತ್ತೋ ದೇವರಿಗೇ ಗೊತ್ತು. ಸ್ಟೆಪ್ನಿ? ಅದೂ ಅದೇ ಅಳತೆಯದ್ದಿರಬೇಕು.

ಇಷ್ಟೆಲ್ಲ ಸರಿ ಮಾಡಿದರೂ ಕಾನೂನು ಏನನ್ನುತ್ತೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ನಮೂದಿಸಿದ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿತು. ಈ ಕಾನೂನು ತಪ್ಪಾ? ಅಲ್ಲ. ಕಿವಿ ಕಿತ್ತುಹೋಗುವ ಸೈಲೆನ್ಸರ್, ಬಾಡಿಯಿಂದಾಚೆ ಚಾಚಿದ ಚಕ್ರ, ಕತ್ತರಿಸಿ ಅಂಟಿಸಿದ ಚಾಸಿಸ್ ನೋಡಿದವರು ಯಾರೂ ತಪ್ಪು ಅನ್ನಲಾರರು.

ಹಾಗಾದರೆ ವಿಂಟೇಜ್ ಅಂತ ಮಾಡಿಸಿಬಿಡಲಿ ಅಂತೀರಾ? 2021ರಲ್ಲಿ ಕೇಂದ್ರ ಸರ್ಕಾರ ಅದಕ್ಕೂ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತೆ. ಆದರೆ ಅದನ್ನು ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯ ಓಡಿಸುವಂತಿಲ್ಲ. ಬಸರಾಳಿನ ಪದ್ಮಿನಿ ಮನೆಯವರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುತ್ತೆ, ಸಂತೆಗೆ ಹೋಗುತ್ತೆ. ದುಡ್ಡಿದ್ದವರ ಶೆಡ್ಡಿನಲ್ಲಿ ಹೊದ್ದು ಮಲಗಿರುವ ಕಾರಿಗೆ ಕಾನೂನಿನಲ್ಲಿ ಜಾಗ ಇದೆ. ದುಡಿದು ತಿನ್ನುವ ಮುದುಕ ಕಾರಿಗೆ ಜಾಗ ಇಲ್ಲ. ನನ್ನ ತಕರಾರು ಇರೋದು ಇಲ್ಲಿ.

ಕೇಳ್ತಿರೋದು ದೊಡ್ಡದೇನಲ್ಲ. ತಯಾರಿಕೆ ನಿಂತುಹೋದ ಗಾಡಿಗಳಿಗೆ, ಮೂಲ ಅಳತೆಯ ಟೈರು ಸಿಗದಿದ್ದರೆ ಯಾವ ಅಳತೆ ಹಾಕಬಹುದು ಅನ್ನುವ ಒಂದು ಪಟ್ಟಿ ಕೊಡಿ. ಇನ್‌ಸ್ಪೆಕ್ಟರ್ ನೋಡಲಿ, ಬ್ರೇಕ್ ಪರೀಕ್ಷೆ ಮಾಡಲಿ, ಆರ್‌ಸಿಯಲ್ಲಿ ಬರೆಯಲಿ. ಸುರಕ್ಷಿತ ಟೈರು ಮತ್ತು ಕಾನೂನು, ಎರಡರಲ್ಲಿ ಒಂದನ್ನು ಆರಿಸ್ಕೋ ಅಂತ ಜನಸಾಮಾನ್ಯನಿಗೆ ಹೇಳಬಾರದು.

ಬಸರಾಳಿನ ದೇವಸ್ಥಾನದ ಮಾತು ಹೇಳಿ ಮುಗಿಸ್ತೀನಿ. ವೀರ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕ ಕಟ್ಟಿಸಿದ್ದು. ಹೊಯ್ಸಳರ ಗುಡಿಗಳ ಭಾರತ ಯುದ್ಧದ ಸಾಲುಗಳಲ್ಲಿ ರಥಗಳಿರುತ್ತವಲ್ಲ, ಆ ರಥದ ಚಕ್ರ ಗಮನಿಸಿ. ಬಿಲ್ಲು ಹಿಡಿದ ವೀರನ ಮುಂದೆ ಚಕ್ರ ಪುಟ್ಟದು. ಒಂದಡಿ ಕಲ್ಲಿನ ಪಟ್ಟಿಯಲ್ಲಿ ಮನುಷ್ಯನಿಗೆ ಜಾಗ ಬೇಕಲ್ಲ! ಇಸಿಗೋನಿಸ್ ಹಾಕಿದ ಲೆಕ್ಕವನ್ನು ನಮ್ಮ ರೂವಾರಿ ಏಳುನೂರು ವರ್ಷ ಮೊದಲೇ ಹಾಕಿದ್ದ ಅಂತ ನನಗನ್ನಿಸಿತು.

ಇಂಥ ಸ್ಮಾರಕಗಳನ್ನು ಉಳಿಸುವವರಿಗೆ ಒಂದು ಶಿಸ್ತಿದೆ. ಎಲ್ಲೋ ಒಂದು ಕಲ್ಲು ಹೋಗಿದೆ ಅಂದರೆ ಕಟ್ಟಡ ನಿಲ್ಲೋಕೆ ಸಾದಾ ಕಲ್ಲು ಕೂರಿಸುತ್ತಾರೆ. ಹೊಸದಾಗಿ ಶಿಲ್ಪ ಕೆತ್ತಿ ಹಳೆಯದು ಅಂತ ನಂಬಿಸೋದಿಲ್ಲ. ಉಳಿದ ಹಳೆಯ ಕಲ್ಲನ್ನು ಉಳಿ ಹಾಕಿ ಕೆಡಿಸೋದಿಲ್ಲ. ಕಾರಿಗೂ ಅದೇ ನ್ಯಾಯ. 13 ಇಂಚಿನ ಚಕ್ರ ಇವತ್ತು ಹಾಕಿದ್ದನ್ನು ನಾಳೆ ನಾಲ್ಕು ಬೋಲ್ಟ್ ಬಿಚ್ಚಿ ತೆಗೆಯಬಹುದು. ಚಕ್ರ ಕೂರಿಸೋಕೆ ಅಂತ ಮಡ್‌ಗಾರ್ಡ್ ಕತ್ತರಿಸಿದರೆ, ಹಬ್ ಕೊರೆದರೆ ಅದು ವಾಪಸ್ ಬರೋದಿಲ್ಲ. ಬಿಚ್ಚಿ ತೆಗೆಯಬಹುದಾದ್ದನ್ನು ಮಾಡಿ, ಕತ್ತರಿಸೋದು ಬೇಡ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಫಿಯೆಟ್ಟೋ ಪದ್ಮಿನಿಯೋ ಇದ್ದರೆ ಒಂದು ಮಾತು ಕೇಳಿ. ಹಳೆಯ 14 ಇಂಚಿನ ರಿಮ್ಮುಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ತುಕ್ಕು ಉಜ್ಜಿ, ಬಣ್ಣ ಬಳಿದು ಅಟ್ಟದ ಮೇಲೆ ಇಡಿ. ಯಾವತ್ತೋ ಒಂದು ದಿನ ಯಾರೋ ಆ ಟೈರು ಮತ್ತೆ ಮಾಡಬಹುದು. ಅವತ್ತು ರಿಮ್ಮು ಇಲ್ಲ ಅನ್ನುವ ಹಾಗಾಗಬಾರದು.