ಸಣ್ಣ ತೂತಿನ ದೊಡ್ಡ ಕಥೆ

ಹೋದ ವರ್ಷ ಆಯುಧಪೂಜೆಗೆ ಊರಿಗೆ ಹೋದಾಗ ಅಪ್ಪನ ಯೆಜ್ಡಿ ಸ್ಟಾರ್ಟ್ ಆಗಲೇ ಇಲ್ಲ. ನಾನು ಹತ್ತು ಕಿಕ್ ಹೊಡೆದೆ, ಅಪ್ಪ ಇಪ್ಪತ್ತು ಹೊಡೆದರು. "ವರ್ಷಕ್ಕೊಂದ್ಸಲ ಹಾರ ಹಾಕೋಕೆ ಮಾತ್ರ ನೆನಪಾದ್ರೆ ಅದಕ್ಕೂ ಸಿಟ್ಟು ಬರಲ್ವಾ?" ಅಂತ ಅಮ್ಮ ಜಗಲಿಯಿಂದಲೇ ಹೇಳಿದರು. ಕೊನೆಗೆ ಬಸ್‌ಸ್ಟ್ಯಾಂಡ್ ಪಕ್ಕದ ಮೆಕ್ಯಾನಿಕ್ ಸಾಬ್ರ ಅಂಗಡಿಗೆ ತಳ್ಳಿಕೊಂಡು ಹೋದೆವು.

ಸಾಬ್ರು ಪ್ಲಗ್ ಬಿಚ್ಚಿ ನೋಡಿದರು. ಕಿಡಿ ಬರುತ್ತಿತ್ತು, ಆದರೆ ಪ್ಲಗ್ ಒಣಗಿತ್ತು. "ಪೆಟ್ರೋಲ್ ಒಳಕ್ಕೆ ಹೋಗ್ತಿಲ್ಲ. ಕಾರ್ಬುರೇಟರ್ ಬಿಚ್ಬೇಕು. ನಂಗೆ ಈಗ ಜೆಟ್ಟಿನ ತೂತು ಕಾಣಲ್ಲ ಮಗ. ನೀನೇ ಬಿಚ್ಚು, ನಾನು ಹೇಳ್ತೀನಿ" ಅಂದರು.

ಇಲ್ಲೊಂದು ವಿಷಯ ಹೇಳಿಬಿಡ್ತೀನಿ. ಬೆಂಗಳೂರಲ್ಲಿ ನನ್ನ ಕೆಲಸ ಬೈಕ್ ಎಂಜಿನ್ನಿನ ಇಸಿಯುಗೆ ಕೋಡ್ ಬರೆಯೋದು. ಅಂದರೆ ಕಾರ್ಬುರೇಟರಿನ ಕೆಲಸ ಕಸಿದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಅವತ್ತಿನವರೆಗೂ ಒಂದು ಕಾರ್ಬುರೇಟರನ್ನೂ ಕೈಯಾರೆ ಬಿಚ್ಚಿದವನಲ್ಲ.

"ಬಿಚ್ಚಿದ ಕ್ರಮದಲ್ಲೇ ಪೇಪರ್ ಮೇಲೆ ಇಡು. ಕೊನೇಗೆ ಬಿಚ್ಚಿದ್ದು ಮೊದ್ಲು ಹಾಕ್ಬೇಕು." ನಾವು ಎರಡನೇ ವರ್ಷದ ಬಿಇಯಲ್ಲಿ 'ಸ್ಟ್ಯಾಕ್' ಅಂತ ಓದಿದ್ದು ಇದನ್ನೇ. ಕೆಳಗಿನ ಬಟ್ಟಲು ತೆಗೆದರೆ ಒಳಗೆ ಜೋನಿ ಬೆಲ್ಲದಂಥ ಅಂಟು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆರಿಹೋಗಿ ಉಳಿದಿದ್ದ ಗಸಿ ಅದು. ಬಟ್ಟಲೊಳಗೆ ತೇಲುವ ಫ್ಲೋಟ್ ಇರುತ್ತೆ. ಪೆಟ್ರೋಲ್ ತುಂಬಿದಾಗ ಮೇಲೆದ್ದು ಸೂಜಿಯಿಂದ ದಾರಿ ಮುಚ್ಚುತ್ತೆ, ನಮ್ಮ ಮನೆ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಥರ. ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಲು ಹೇಳಿದರು. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಫ್ಲೋಟ್ ತೂತಾಗಿದೆ ಅಂತ ಅರ್ಥ. ಸದ್ಯ, ಸದ್ದು ಬರಲಿಲ್ಲ.

ಆಮೇಲೆ ಮೇನ್ ಜೆಟ್. ಹಿತ್ತಾಳೆಯ ಪುಟ್ಟ ಸ್ಕ್ರೂ, ನಡುವೆ ಕೂದಲೆಳೆಯಷ್ಟು ತೂತು. ಆಕಾಶಕ್ಕೆ ಹಿಡಿದು ನೋಡಿದೆ, ಬೆಳಕು ಬರಲಿಲ್ಲ. ಅಲ್ಲೇ ಇದ್ದ ಪಿನ್ ತಗೊಂಡು ಚುಚ್ಚಲು ಹೋದೆ. ಸಾಬ್ರು ಕೈ ಮೇಲೆ ಪಟ್ ಅಂತ ಹೊಡೆದರು. "ಹಿತ್ತಾಳೆ ಮೆತ್ತಗಿರತ್ತೆ. ಪಿನ್ ಹಾಕಿದ್ರೆ ತೂತು ದೊಡ್ದಾಗತ್ತೆ, ಆಮೇಲೆ ಜನ್ಮಪೂರ್ತಿ ಗಾಡಿ ಪೆಟ್ರೋಲ್ ಕುಡಿಯತ್ತೆ." ಜೆಟ್ಟನ್ನು ಪೆಟ್ರೋಲಲ್ಲಿ ನೆನೆಹಾಕಿಸಿದರು, ಸೈಕಲ್ ಪಂಪಿನಿಂದ ಗಾಳಿ ಹೊಡೆಸಿದರು.

ಪಿನ್ನಿನ ವಿಷಯದಲ್ಲಿ ನನಗಿಂತ ಮೊದಲು ಒಬ್ಬಾಕೆ ಇದ್ದಾಳೆ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ. ಆದರೆ ಕೊಳ್ಳುವವರು ಸಿಗಲಿಲ್ಲ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಝ್‌ಹೈಮಿನ ತವರಿಗೆ ಹೊರಟಳು, ಹೆಚ್ಚುಕಮ್ಮಿ 100 ಕಿಲೋಮೀಟರ್. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಗೆ ಸಿಕ್ಕಿಸಿದ್ದ ಪಿನ್ ತೆಗೆದು ಚುಚ್ಚಿ ಸರಿಮಾಡಿದಳು. ಇಂಧನ ಖಾಲಿಯಾದಾಗ ವೀಸ್ಲಾಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಣ ಕೊಂಡಳು. ಗಾಡಿ ಕಟ್ಟಿದವನ ಮನೆಯಾಕೆಯೇ ರಸ್ತೆ ಬದಿಯ ಮೊದಲ ಮೆಕ್ಯಾನಿಕ್ಕೂ ಆದಳು. ಸಾಬ್ರಿಗೆ ಈ ಕಥೆ ಹೇಳಿದೆ. "ಅದು ಕೊಳವೆ, ಇದು ಜೆಟ್ಟು" ಅಂದರು. ಸರಿಯಾದ ಮಾತೇ.

ಆ ಗಾಡಿಯಲ್ಲಿ ಜೆಟ್ ಅಂತ ಇರಲೇ ಇಲ್ಲ. ಪೆಟ್ರೋಲ್ ದ್ರವವಾಗಿದ್ದಾಗ ಉರಿಯಲ್ಲ, ಆವಿಯಾಗಿ ಗಾಳಿಯಲ್ಲಿ ಬೆರೆತಾಗಲೇ ಉರಿಯೋದು. ಬೆಂಜ್ ಮಾಡಿದ್ದು ಬಹಳ ಸರಳ: ಪಾತ್ರೆಯಲ್ಲಿ ಇಂಧನ ಇಟ್ಟು ಅದರ ಮೂಲಕ ಗಾಳಿ ಹಾಯಿಸಿದ. ಎಷ್ಟು ಆವಿಯಾದರೆ ಅಷ್ಟು ಎಂಜಿನ್ನಿಗೆ. ಚಳಿ ಬಂದರೆ ಲೆಕ್ಕ ತಪ್ಪೋದು. ಪೆಟ್ರೋಲ್ ಪೂರ್ತಿ ಉರಿಯೋಕೆ 1 ಗ್ರಾಮಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕವನ್ನು ಇಟ್ಟುಕೊಳ್ಳುವುದು ಹೇಗೆ ಅನ್ನೋದೇ ಮುಂದಿನ ನೂರು ವರ್ಷದ ತಲೆನೋವು.

ಉತ್ತರ 1893ರಲ್ಲಿ ಎರಡು ಕಡೆ ಸಿಕ್ಕಿತು. ಬುಡಾಪೆಸ್ಟಿನಲ್ಲಿ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ, ಜರ್ಮನಿಯಲ್ಲಿ ವಿಲ್‌ಹೆಲ್ಮ್ ಮೇಬ್ಯಾಕ್. ಹೂ ಮಾರುವ ಹುಡುಗಿ ಕೊಳವೆ ಊದಿ ಹೂವಿಗೆ ನೀರು ಚಿಮುಕಿಸುತ್ತಿದ್ದಳಂತೆ, ಅದನ್ನು ನೋಡಿ ಬಾಂಕಿಗೆ ಹೊಳೆಯಿತು ಅಂತ ಹಂಗೇರಿಯವರು ಹೇಳ್ತಾರೆ. ನಮಗೆ ಫ್ಲಿಟ್ ಪಂಪ್ ಸಾಕು. ಹಿಂದೆ ಸೊಳ್ಳೆ ಔಷಧಿ ಹೊಡೆಯುತ್ತಿದ್ದ ಆ ಪಂಪಿನಲ್ಲಿ, ಕೊಳವೆಯ ಬಾಯಿ ಮೇಲೆ ಗಾಳಿ ಜೋರಾಗಿ ಹಾದರೆ ಕೆಳಗಿನ ದ್ರವ ತಾನೇ ಮೇಲೆ ಬಂದು ಹನಿಹನಿಯಾಗಿ ಸಿಡಿಯುತ್ತಿತ್ತು. ಕೊಳವೆ ಕಿರಿದಾದ ಕಡೆ ಹರಿವಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತೆ ಅಂತ ಇಟಲಿಯ ವೆಂಚುರಿ 1797ರಲ್ಲೇ ಬರೆದಿದ್ದ. ಎಂಜಿನ್ ಗಾಳಿ ಎಳೆದಷ್ಟೂ ಪೆಟ್ರೋಲ್ ಬರುತ್ತೆ. ವಿದ್ಯುತ್ತಿಲ್ಲ, ಸೆನ್ಸರಿಲ್ಲ, ಕೋಡಂತೂ ಇಲ್ಲವೇ ಇಲ್ಲ. ಲೆಕ್ಕ ಪೂರ್ತಿ ಆ ಹಿತ್ತಾಳೆಯ ತೂತಿನ ಅಳತೆಯಲ್ಲಿದೆ.

ಆ ತೂತು ನಮ್ಮ ಜಿಲ್ಲೆಗೆ ಬಂದದ್ದು ಚೆಕೊಸ್ಲೊವಾಕಿಯಾದಿಂದ. 1929ರಲ್ಲಿ ಪ್ರಾಗಿನಲ್ಲಿ ಶುರುವಾದ ಜಾವಾ ಬೈಕನ್ನು 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಇಲ್ಲೇ ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಕಿಕ್ಕರೇ ಗೇರ್ ಲಿವರೂ ಆಗುವ ಆ ಗಾಡಿಯನ್ನು ಮೈಸೂರು ಸೀಮೆಯವರು ಮರೆಯೋದು ಕಷ್ಟ. 1996ರಲ್ಲಿ ಕಾರ್ಖಾನೆ ಮುಚ್ಚಿತು, ಗಾಡಿಗಳು ಉಳಿದವು. ಅವು ಉಳಿದದ್ದು ಸಾಬ್ರಂಥವರಿಂದ. ಕಂಪನಿ ಹೋದ ಮೇಲೂ ಒಂದು ಸ್ಕ್ರೂಡ್ರೈವರ್, ಒಂದು ಸೈಕಲ್ ಪಂಪು ಇದ್ದರೆ ರಿಪೇರಿ ನಡೆಯುತ್ತಿತ್ತು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಅಷ್ಟು ಬಿಗಿಯಾದ ಲೆಕ್ಕ ಇಡೋದು ಹಳೇ ಥರದ ಕಾರ್ಬುರೇಟರಿಗೆ ಕಷ್ಟದ ಕೆಲಸ. ಬಹುತೇಕ ಹೊಸ ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂತು, ನಮಗೆ ಕೆಲಸ ಬಂತು. ಮತ್ತೆ ಹುಟ್ಟಿ ಬಂದ ಯೆಜ್ಡಿಯಲ್ಲೂ ಇಂಜೆಕ್ಷನ್ನೇ. ಇದು ತಪ್ಪು ಅಂತ ನಾನು ಹೇಳಲ್ಲ. ಅಪ್ಪನ ಗಾಡಿ ಬಿಡುವ ನೀಲಿ ಹೊಗೆಯಲ್ಲಿ ಕೆಮ್ಮಿಕೊಂಡೇ ಬೆಳೆದವನು ನಾನು.

ಜೆಟ್ಟಿನ ತೂತಿನಲ್ಲಿ ಆಕಾಶ ಕಂಡಿತು. ಎಲ್ಲ ಜೋಡಿಸಿ, ಏರ್ ಸ್ಕ್ರೂ ಪೂರ್ತಿ ಬಿಗಿಮಾಡಿ ಒಂದೂವರೆ ಸುತ್ತು ಹಿಂದೆ ತಿರುಗಿಸಿದೆ. ಮೂರನೇ ಕಿಕ್ಕಿಗೆ ಸ್ಟಾರ್ಟ್. ಸಾಬ್ರು ಕಣ್ಣು ಮುಚ್ಚಿ ಸದ್ದು ಕೇಳಿದರು. "ಇನ್ನೊಂದು ಕಾಲು ಸುತ್ತು" ಅಂದರು. ತಿರುಗಿಸಿದ ತಕ್ಷಣ ಎಂಜಿನ್ ಉಸಿರು ಸಮ ಆಯಿತು.

ಚಹಾ ಕುಡೀತಾ ಕೇಳಿದರು, "ನಿನ್ನ ಕಂಪ್ಯೂಟರ್ ಡಬ್ಬಿ ಕೆಟ್ರೆ ಯಾವ ತೂತು ಊದ್ಬೇಕು?"

"ಊದೋಕಾಗಲ್ಲ. ಒಂದು ಸ್ಕ್ಯಾನರ್ ಬೇಕು, ಕಂಪನಿ ಪಾಸ್‌ವರ್ಡ್ ಬೇಕು."

"ನಂಗೆ ಕೊಡ್ತಾರಾ?"

ಉತ್ತರ ಗೊತ್ತಿತ್ತು, ಹೇಳೋಕೆ ಬಾಯಿ ಬರಲಿಲ್ಲ. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. "ಕೆಲ್ಸ ಮಾಡಿದ್ದು ನೀನಲ್ವಾ?"

ನಮ್ಮ ಪ್ರಾಜೆಕ್ಟಿನಲ್ಲಿ ಮೀಟರಿನ ಎಂಜಿನ್ ಲೈಟು ಇಂತಿಷ್ಟು ಸಲ ಮಿಟುಕಿ ಯಾವ ಸೆನ್ಸರ್ ಕೆಟ್ಟಿದೆ ಅಂತ ಹೇಳುವ ಪುಟ್ಟ ಕೋಡ್ ಇದೆ. ಸ್ಕ್ಯಾನರ್ ಇಲ್ಲದವರೂ ಎಣಿಸಿ ತಿಳಿಯಬಹುದು. ಮುಂದಿನ ವರ್ಷನ್ನಿನಲ್ಲಿ ಅದನ್ನು ತೆಗೆಯೋಣ ಅಂತ ಮಾತಿತ್ತು, ನಾನೂ ತಲೆಯಾಡಿಸಿದ್ದೆ. ಹಬ್ಬ ಮುಗಿಸಿ ಬಂದ ಸೋಮವಾರ ಮೀಟಿಂಗಿನಲ್ಲಿ ಬೇಡ, ಇರಲಿ ಅಂದೆ. "ಯಾರಿಗೆ ಬೇಕು ಅದು?" ಅಂತ ಮ್ಯಾನೇಜರ್ ಕೇಳಿದರು. ಸಾಬ್ರ ಬಗ್ಗೆ ಹೇಳಿದೆ. ಇನ್ನೂ ತೀರ್ಮಾನ ಆಗಿಲ್ಲ.